ಪಕ್ಕದ ಮನೆಯ ಮರಬಣ್ಣದ ಬ್ಯೂಕ್: ತಗೊಳ್ಳಲೋ ಬೇಡವೋ?

ಪ್ರಶ್ನೆ: ನಾನು ಒಹಾಯೋದ ಕೊಲಂಬಸ್‌ನಲ್ಲಿದ್ದೇನೆ, ಊರು ತುಮಕೂರು. ಚಿಕ್ಕಂದಿನಲ್ಲಿ ನಮ್ಮ ನಡುಮನೆಯಲ್ಲಿ ಒಂದು ಫೋಟೋ ಇತ್ತು. ಕ್ಲೀವ್‌ಲ್ಯಾಂಡ್‌ನಲ್ಲಿದ್ದ ದೊಡ್ಡಪ್ಪ 1979ರಲ್ಲಿ ಕಳಿಸಿದ್ದು. ಪಕ್ಕಕ್ಕೆಲ್ಲ ಮರದ ಹಲಗೆ ಹೊಡೆದಂತಿದ್ದ ಉದ್ದನೆಯ ಕಾರು. ಅದರ ಹಿಂಭಾಗದಲ್ಲಿ ಅಕ್ಕಂದಿರಿಬ್ಬರು ಕಾಲು ಇಳಿಬಿಟ್ಟು ಕೂತಿದ್ದಾರೆ. ವಿಚಿತ್ರ ಅಂದರೆ ಹಿಂದಿನ ಬಾಗಿಲೇ ಕಾಣುವುದಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ, ಪಕ್ಕದಲ್ಲೂ ಇಲ್ಲ. ಅಂಥದೊಂದು ಕಾರು ನನಗೂ ಬೇಕು ಅಂತ ಆಗಿನಿಂದ ಆಸೆ.

ಈಗ ನಮ್ಮ ಬೀದಿಯ ಹಿರಿಯರೊಬ್ಬರು 1995ರ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಮಾರುತ್ತಿದ್ದಾರೆ. 1,28,000 ಮೈಲಿ ಓಡಿದೆ, 9,500 ಡಾಲರ್ ಹೇಳುತ್ತಿದ್ದಾರೆ. ಎಂಜಿನ್ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಬಾನೆಟ್ ಎತ್ತಿದರೆ ಒಳಗೆಲ್ಲ ಚೊಕ್ಕಟ. ಆಯಿಲ್ ಬದಲಿಸಿದ ರಸೀದಿಗಳೆಲ್ಲ ಇವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ ನೋಡಿದೆ, ತೇಲಿಕೊಂಡು ಹೋಯಿತು. ಮರದ ಸ್ಟಿಕ್ಕರ್ ಮಾತ್ರ ಒಂದೆರಡು ಕಡೆ ಉಬ್ಬಿದೆ. ಮಕ್ಕಳಿಗೆ 6 ಮತ್ತು 9 ವರ್ಷ. ಇಬ್ಬರಿಗೂ ಹಿಂದಕ್ಕೆ ಮುಖ ಮಾಡಿರುವ ಆ ಕೊನೇ ಸೀಟಿನ ಮೇಲೇ ಕಣ್ಣು, ನನ್ನ ಹೆಂಡತಿಗೆ ಅದೇ ಭಯ. ಗೆಳೆಯರು ‘ಹಳೇ ಕಾರು, ಗಟ್ಟಿ ಕಬ್ಬಿಣ, ಈಗಿನ ಡಬ್ಬಗಳಿಗಿಂತ ಎಷ್ಟೋ ವಾಸಿ’ ಅನ್ನುತ್ತಾರೆ. ಮೆಕ್ಯಾನಿಕ್ ಒಬ್ಬ ‘ಈ ಎಂಜಿನ್ ಮೇಲೆ ನೀರು ಬಿದ್ದರೆ ಮುಗೀತು’ ಅಂದ. ದಿನಾ ಆಫೀಸಿಗೆ ಓಡಿಸಬಹುದಾ? ಇದನ್ನೇ ತಗೊಳ್ಳಲಾ, ಅಥವಾ ದೊಡ್ಡಪ್ಪನದರ ಥರ 70ರ ದಶಕದ್ದೇ ಹುಡುಕಲಾ?

ಉತ್ತರ: ಮೊದಲು ಫೋಟೋ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು ಅಲ್ಲೇ. ಆ ಬಾಗಿಲು ಕಾರಿನ ಹೊಟ್ಟೆಯೊಳಗೆ ಹೋಗಿದೆ. 1971ರಿಂದ 1976ರವರೆಗೆ ಜನರಲ್ ಮೋಟಾರ್ಸ್‌ನ ದೊಡ್ಡ ವ್ಯಾಗನ್‌ಗಳಲ್ಲಿ, ಅಂದರೆ ಚಾವಣಿ ಹಿಂದಿನ ತುದಿಯವರೆಗೂ ಚಾಚಿರುವ ಇಂಥ ಉದ್ದನೆ ಕಾರುಗಳಲ್ಲಿ, ಹಿಂದಿನ ಗಾಜು ಮೇಲಕ್ಕೆ ಸರಿದು ಚಾವಣಿಯೊಳಗೆ ಸೇರಿಕೊಳ್ಳುತ್ತಿತ್ತು. ಕೆಳಗಿನ ಅರ್ಧ ಬಾಗಿಲು ನೆಲದಡಿಗೆ ಜಾರುತ್ತಿತ್ತು. ಇಲ್ಲಿಯವರು ಅದನ್ನು ಕ್ಲ್ಯಾಮ್‌ಶೆಲ್ ಅಂತಾರೆ, ಚಿಪ್ಪು ಬಾಯಿ ಬಿಟ್ಟ ಹಾಗೆ. ಆಗಿನ ಫೋರ್ಡ್ ವ್ಯಾಗನ್ ಆಗಿದ್ದರೆ ಬಾಗಿಲು ಕೆಳಕ್ಕೆ ಮಡಚಿಕೊಂಡಿರಬೇಕಿತ್ತು, ಇಲ್ಲ ಪಕ್ಕಕ್ಕೆ ತೆರೆದುಕೊಂಡಿರಬೇಕಿತ್ತು. ಎರಡೂ ಇಲ್ಲ ಅಂದಮೇಲೆ ನಿಮ್ಮ ದೊಡ್ಡಪ್ಪನದು ಜನರಲ್ ಮೋಟಾರ್ಸ್‌ನವೇ ಆದ ಶೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್ ಈ ನಾಲ್ಕರಲ್ಲಿ ಒಂದು. 1979ರ ಹೊತ್ತಿಗೆ ಅದು ಸೆಕೆಂಡ್ ಹ್ಯಾಂಡ್ ಕಾರಾಗಿರಬಹುದು. ಹೊಸದಾಗಿ ಬಂದು ಸಂಸಾರ ಹೂಡಿದವರ ಕೈಗೆ ಎಟುಕುತ್ತಿದ್ದದ್ದೂ ಅಂಥವೇ.

ನಾನು ಮಿಷಿಗನ್‌ನಲ್ಲಿ ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ನಮ್ಮ ಕಡೆಯ ಹಿರಿಯರು ಬಂದು ಕೂತರೆ ಇದೇ ಕಥೆಗಳು. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ ಆದ ಹೊಸತು. ಎರಡು ಮನೆಯವರು ಒಂದೇ ವ್ಯಾಗನ್‌ನಲ್ಲಿ ಹೊರಡೋದು. ಹಿಂದಿನ ಸೀಟು ಮಡಚಿ ಮೇಲೆ ಹಾಸಿಗೆ ಹಾಸೋದು. ಮಕ್ಕಳು ಅಲ್ಲೇ ಉರುಳಾಡಿಕೊಂಡು, ಪುಳಿಯೋಗರೆ ಡಬ್ಬಿ ಪಕ್ಕದಲ್ಲೇ. ಅವರು ಹೇಳುವಾಗ ಮುಖದಲ್ಲಿ ಬರುತ್ತಿದ್ದ ಕಳೆ ನನಗೆ ಇನ್ನೂ ನೆನಪಿದೆ. ಹಾಗಾಗಿ ನಿಮಗೆ ಈ ಕಾರು ಯಾಕೆ ಬೇಕು ಅಂತ ನಾನು ಕೇಳುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಎಂಜಿನ್ ಬಗ್ಗೆ ನಾಲ್ಕು ಮಾತಿದೆ, ಸ್ಟಿಕ್ಕರ್ ಉಬ್ಬಿದ್ದಕ್ಕೆ ಒಂದೇ. ನಾನಾಗಿದ್ದರೆ ಉಲ್ಟಾ ಬರೆಯುತ್ತಿದ್ದೆ. ಒಹಾಯೋದಲ್ಲಿ ಮೂವತ್ತು ಚಳಿಗಾಲ ಕಂಡ ಕಾರಿನಲ್ಲಿ ಎಂಜಿನ್ ಕೊನೆಯ ಚಿಂತೆ. ರಸ್ತೆಗೆ ಸುರಿದ ಉಪ್ಪು ಎಲ್ಲೆಲ್ಲಿ ಹೋಗಿ ಕೂತಿದೆ ಅನ್ನೋದು ಮೊದಲನೇ ಚಿಂತೆ. ಅದಕ್ಕೆ ಬರುತ್ತೇನೆ. ಮಕ್ಕಳ ವಿಷಯ ಅದಕ್ಕೂ ಮುಂಚೆ ಆಗಬೇಕು.

‘ಗಟ್ಟಿ ಕಬ್ಬಿಣ’ ಅನ್ನೋ ಮಾತು ನಾನು ವಾರಕ್ಕೊಂದು ಸಲ ಕೇಳುತ್ತೇನೆ. ಅರ್ಧ ನಿಜ. ಭಾರದ ಕಾರು ಹಗುರದ ಕಾರಿಗೆ ಗುದ್ದಿದರೆ ಭಾರದ್ದಕ್ಕೆ ಅನುಕೂಲ, ಅದು ಲೆಕ್ಕ. ಆದರೆ ಪ್ರಾಣ ಉಳಿಸೋದು ತೂಕವೊಂದೇ ಅಲ್ಲ. ಕೂತ ಜಾಗ ಮುದುಡದೆ ಹಾಗೇ ನಿಲ್ಲಬೇಕು, ಮುಂಭಾಗ ಮಾತ್ರ ಮಡಚಿಕೊಂಡು ಪೆಟ್ಟನ್ನು ನುಂಗಬೇಕು. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ತನ್ನ 50ನೇ ವರ್ಷಕ್ಕೆ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಎರಡನ್ನೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರು ಗುದ್ದಿಸಿತು. ಆ ವಿಡಿಯೋ ಹುಡುಕಿ ಮನೆಯವರೆಲ್ಲ ಕೂತು ನೋಡಿ. ಬೆಲ್ ಏರ್‌ನಲ್ಲಿ ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಡ್ರೈವರ್ ಮೇಲೆ ಬಂದುಬಿಡುತ್ತದೆ. ಮಾಲಿಬುವಿನ ಬೊಂಬೆಗೆ ಕಾಲಿಗೆ ಪೆಟ್ಟು, ಅಷ್ಟೇ.

ನಿಮ್ಮ 1995ರ ಬ್ಯೂಕ್ ಈ ಎರಡರ ನಡುವೆ ಬರುತ್ತದೆ. ಮುಂದೆ ಎರಡು ಏರ್‌ಬ್ಯಾಗ್ ಇವೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಇದೆ. ನಡುವಿನ ಸೀಟಿನ ಎರಡೂ ಬದಿಗೆ ಭುಜದ ಮೇಲೆ ಬರುವ ಬೆಲ್ಟ್ ಇದೆ. ಪಕ್ಕದ ಏರ್‌ಬ್ಯಾಗ್ ಇಲ್ಲ. ಜಾರುವಾಗ ಕಾರನ್ನು ತಾನೇ ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ, ಅದು ಇಲ್ಲಿ ಕಡ್ಡಾಯ ಆದದ್ದೇ 2012ರ ಮಾಡೆಲ್‌ಗಳಿಗೆ. ಸುಮಾರು ಎರಡು ಟನ್ ತೂಕದ, ಹಿಂದಿನ ಚಕ್ರ ತಳ್ಳುವ ಗಾಡಿ ಇದು. ಒದ್ದೆ ರಸ್ತೆಯಲ್ಲಿ ಮುಂದಿನವನಿಗೆ ಜಾಗ ಬಿಟ್ಟು ಓಡಿಸಿದರೆ ನಂಬಿಕೆಯ ಕಾರು. ಈಗಿನ ಕಾರಿನ ಹಾಗೆ ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತಿದರೆ ಆಗಲ್ಲ.

ಇನ್ನು ಆ ಹಿಂದಿನ ಸೀಟು. ಆ ಸೀಟಿನ ಮೇಲೆ ಮಕ್ಕಳಿಗಿರುವ ಪ್ರೀತಿ ನನಗೆ ಅರ್ಥವಾಗುತ್ತೆ. ರಸ್ತೆ ಹಿಂದಕ್ಕೆ ಓಡುತ್ತಿರುತ್ತದೆ, ಹಿಂದಿನ ಕಾರಿನವರಿಗೆ ಕೈ ಬೀಸಬಹುದು, ಅಪ್ಪ ಅಮ್ಮನ ಕಣ್ಣಿಗೂ ಬೀಳದ ಜಾಗ. ಆದರೆ ಹೆಂಡತಿಯ ಭಯ ಸರಿಯಾಗಿದೆ. ಅಲ್ಲಿ ಕೂತ ಮಗುವಿನ ಮಂಡಿಗೂ ಹಿಂದೆ ಬರುವ ಲಾರಿಗೂ ನಡುವೆ ಇರೋದು ಒಂದು ಬಾಗಿಲು, ಒಂದು ಗಾಜು. ಎಕ್ಸ್‌ಪ್ರೆಸ್‌ವೇಯಲ್ಲಿ ಟ್ರಾಫಿಕ್ ದಿಢೀರ್ ನಿಂತಾಗ ಹಿಂದಿನಿಂದ ಬಂದು ಗುದ್ದುವುದು ದಿನಾ ನಡೆಯುವ ಅಪಘಾತ. ಇನ್ನೊಂದು ಮಾತು: ಮಕ್ಕಳ ಸೀಟು, ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರಲಿ ಅಂತ ಮಗುವನ್ನು ಎತ್ತರಿಸುವ ಸೀಟು) ಮಾಡುವ ಕಂಪನಿಗಳು ಹಿಂದಕ್ಕೆ ಮುಖ ಮಾಡಿದ ಕಾರಿನ ಸೀಟಿನ ಮೇಲೆ ಅದನ್ನು ಇಡಬೇಡಿ ಅಂತಾವೆ. ನಿಮ್ಮ 6 ವರ್ಷದ ಮಗುವಿಗೆ ಒಹಾಯೋ ಕಾನೂನಿನ ಪ್ರಕಾರ ಬೂಸ್ಟರ್ ಬೇಕೇ ಬೇಕು. ಹಾಗಾಗಿ ಚಿಕ್ಕದಕ್ಕೆ ಆ ಸೀಟು ಇಲ್ಲ. 9 ವರ್ಷದ್ದಕ್ಕೂ 4 ಅಡಿ 9 ಇಂಚು ಎತ್ತರ ಬರುವ ತನಕ ಬೂಸ್ಟರ್ ಇದ್ದರೇನೇ ಬೆಲ್ಟ್ ಸರಿಯಾಗಿ ಕೂರುವುದು. ಇಬ್ಬರನ್ನೂ ನಡುವಿನ ಸೀಟಿನಲ್ಲಿ ಕೂರಿಸಿ. ಅವರ ತಲೆ ಮೇಲೆ ಚಾವಣಿಯಲ್ಲಿ ದೊಡ್ಡ ಗಾಜು ಇರುತ್ತದೆ, ಈ ಮಾಡೆಲ್‌ನ ಸೊಗಸೇ ಅದು. ಮೋಡ ನೋಡಿಕೊಂಡು ಹೋಗಲಿ. ಪಾರ್ಕಿಗೆ ಹೋಗಿ ಕಾರು ನಿಲ್ಲಿಸಿದ ಮೇಲೆ ಹಿಂದಿನ ಸೀಟು ಬಿಚ್ಚಿ ಅಲ್ಲಿ ಕೂತು ತಿಂಡಿ ತಿನ್ನಲಿ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದೂ ಹಾಗೇ.

ಇದರ ಜೊತೆಗೇ ಹೇಳಬೇಕಾದ ಒಂದು ಅಪಾಯ ಇದೆ, ವ್ಯಾಗನ್ ಇಟ್ಟವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಿಂದಿನ ಗಾಜು ತೆರೆದುಕೊಂಡು ಓಡಿಸಬಾರದು. ಚಪ್ಪಟೆ ಬೆನ್ನಿನ ಉದ್ದ ಕಾರು ಮುಂದಕ್ಕೆ ನುಗ್ಗುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸೈಲೆನ್ಸರ್ ಹೊಗೆ ದೂರ ಹೋಗದೆ ಅಲ್ಲೇ ಸುತ್ತುತ್ತದೆ. ಗಾಜು ತೆರೆದಿದ್ದರೆ ನೇರ ಒಳಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ.

ನನಗೆ ಇದು ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಒಂದು ಸಲ ನನ್ನ 80ರ ದಶಕದ ವ್ಯಾಗನ್‌ನಲ್ಲಿ ಉದ್ದನೆ ಪೈಪು ಹಾಕಿಕೊಂಡು, ಹಿಂದಿನ ಗಾಜು ಪೂರ್ತಿ ಇಳಿಸಿ, ನಲವತ್ತು ಮೈಲಿ ಬಂದೆ. ಮಗಳು ನಡುವಿನ ಸೀಟಿನಲ್ಲಿದ್ದಳು. ಅರ್ಧ ದಾರಿಗೆ ಅವಳ ಮಾತು ನಿಂತಿತು. ನಿದ್ದೆ ಅಂದುಕೊಂಡೆ. ಮನೆ ತಲುಪುವಾಗ ನನ್ನ ತಲೆ ಸಿಡಿಯುತ್ತಿತ್ತು, ಅವಳು ಇಳಿದವಳೇ ವಾಂತಿ ಮಾಡಿದಳು. ಆಮೇಲೆ ಕಾರು ಎತ್ತಿ ನೋಡಿದರೆ ಸೈಲೆನ್ಸರ್ ಜಾಯಿಂಟ್‌ನಲ್ಲಿ ಬೆರಳು ತೂರುವಷ್ಟು ತೂತು. ಆ ದಿನ ಬರೀ ತಲೆನೋವಿನಲ್ಲಿ ಮುಗಿಯಿತು. ನೀವು ಈ ಕಾರು ತಗೊಂಡರೆ ಮೊದಲ ದಿನವೇ ಸೈಲೆನ್ಸರ್ ಪೈಪನ್ನು ತುದಿಯಿಂದ ತುದಿಗೆ ನೋಡಿಸಿ. ಹಿಂದಿನ ಬಾಗಿಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದಿದ್ದರೆ ಬದಲಿಸಿ. ಬ್ಯಾಟರಿಯ ಸಣ್ಣ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಒಳಗಿಡಿ.

ಈಗ ಮೆಕ್ಯಾನಿಕ್ ಹೇಳಿದ ನೀರಿನ ಮಾತು. ಪೂರ್ತಿ ಸುಳ್ಳಲ್ಲ, ಆದರೆ ಹೆದರಿಸುವ ಹಾಗೆ ಹೇಳಿದ್ದಾರೆ. 1994ರಿಂದ 1996ರವರೆಗಿನ ರೋಡ್‌ಮಾಸ್ಟರ್‌ನಲ್ಲಿ ಇರೋದು ಎಲ್‌ಟಿ1 ಅನ್ನುವ 5.7 ಲೀಟರ್ ವಿ8, 260 ಅಶ್ವಶಕ್ತಿ. ಅದೇ ಕಾಲದ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಎಂಜಿನ್‌ನ ಒಡಹುಟ್ಟು. ಪ್ಲಗ್‌ಗಳಿಗೆ ಕಿಡಿ ಹಂಚುವ ಅದರ ಡಿಸ್ಟ್ರಿಬ್ಯೂಟರ್‌ಗೆ ಆಪ್ಟಿಸ್ಪಾರ್ಕ್ ಅಂತ ಹೆಸರು. ಅದನ್ನು ಎಂಜಿನ್ ಮುಂಭಾಗದಲ್ಲಿ, ವಾಟರ್ ಪಂಪ್‌ನ ಕೆಳಗೇ ಕೂರಿಸಿದ್ದಾರೆ. ಒಳಗೆ ಸಣ್ಣ ಸಣ್ಣ ಸೀಳುಗಳಿರುವ ಒಂದು ಬಿಲ್ಲೆ, ಅದನ್ನು ಓದುವ ಬೆಳಕಿನ ಕಣ್ಣು. ವಾಟರ್ ಪಂಪ್‌ನ ಸೀಲ್ ಸವೆದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ತೊಟ್ಟಿಕ್ಕೋದು ನೇರ ಅದರ ಮೇಲೆ. ಕಣ್ಣಿಗೆ ತೇವ ಹೋದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಜಾಸ್ತಿಯಾದರೆ ನಿಂತೇ ಹೋಗುತ್ತದೆ. ಆದರೆ ಎಂಜಿನ್ ಹಾಳಾಗಲ್ಲ. ಪಂಪ್ ಮತ್ತು ಆಪ್ಟಿಸ್ಪಾರ್ಕ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಮತ್ತೆ ಮೊದಲಿನ ಹಾಗೇ. ಕೆಲಸಗಾರನ ಕೂಲಿ ಸೇರಿ ಸಾವಿರ ಡಾಲರ್ ಮೇಲೆ ಆಗುತ್ತದೆ. ಅಗ್ಗದ ನಕಲಿ ಆಪ್ಟಿಸ್ಪಾರ್ಕ್ ಮಾತ್ರ ಹಾಕಿಸಬೇಡಿ. ವರ್ಷದೊಳಗೆ ಮತ್ತೆ ಅದೇ ಕೆಲಸಕ್ಕೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೋಡುವ ಬಗೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಬಾನೆಟ್ ಎತ್ತಿ ಮೂಗು ಹತ್ತಿರ ತನ್ನಿ. ಸಿಹಿ ಸಿಹಿ ವಾಸನೆ ಬಂದರೆ ಕೂಲೆಂಟ್ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ವಾಟರ್ ಪಂಪ್ ಕೆಳಗೆ ಬಿಳಿ ಅಥವಾ ಹಸಿರು ಕಲೆ ಇಳಿದಿದೆಯಾ ನೋಡಿ. ಬಾನೆಟ್ ಒಳಗೆಲ್ಲ ಚೊಕ್ಕಟ ಅಂತ ಬರೆದಿದ್ದೀರಿ. ಮಾರುವ ಮುಂಚೆ ತೊಳೆಸಿದ್ದರೆ ಕಲೆ ಕಾಣಲ್ಲ, ಎಂಜಿನ್ ಯಾವಾಗ ತೊಳೆಸಿದರು ಅಂತ ಆ ಹಿರಿಯರನ್ನೇ ಕೇಳಿ. ನೀವೂ ಮುಂದೆ ಈ ಎಂಜಿನ್ ಮೇಲೆ ಪೈಪಿನಿಂದ ನೀರು ಹೊಡೆಯಬೇಡಿ. ಕೂಲೆಂಟ್ ಬದಲಿಸುವಾಗ ಒಳಗೆ ಸೇರಿದ ಗಾಳಿ ತೆಗೆಯೋಕೆ ಅಂತಲೇ ಸಣ್ಣ ಸ್ಕ್ರೂಗಳಿವೆ. ಈ ಎಂಜಿನ್‌ನಲ್ಲಿ ಕೂಲೆಂಟ್ ಮೊದಲು ಮೇಲಿನ ಹೆಡ್‌ಗೆ ಹೋಗಿ ಆಮೇಲೆ ಕೆಳಗೆ ಇಳಿಯುತ್ತದೆ. ಗಾಳಿ ಉಳಿದರೆ ಹೆಡ್ ವಿಪರೀತ ಬಿಸಿಯಾಗುತ್ತದೆ. ಗೊತ್ತಿರೋ ಮೆಕ್ಯಾನಿಕ್ ಕೈಲೇ ಮಾಡಿಸಿ.

ಗೇರ್‌ಬಾಕ್ಸ್ ಆಟೋಮ್ಯಾಟಿಕ್. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ, ಸುಟ್ಟ ವಾಸನೆ ಇದ್ದರೆ ಹುಷಾರು. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ನೆ ಕೂಗಿ ಕಾರು ಎಳೆಯದಿದ್ದರೆ ಒಳಗಿನ ಕ್ಲಚ್ ಸವೆದಿದೆ ಅಂತ ಅರ್ಥ. ಬಿಚ್ಚಿ ಕಟ್ಟೋಕೆ 2,500ರಿಂದ 4,000 ಡಾಲರ್ ಇಟ್ಟುಕೊಳ್ಳಬೇಕು. ಇನ್ನೊಂದು, ಈ 1995ರ ಕಾರಿನಲ್ಲಿ ಕಂಪ್ಯೂಟರ್ ಸಾಕೆಟ್ ಈಗಿನದರ ಹಾಗೇ ಕಾಣುತ್ತದೆ. ಮಾತಾಡುವ ಭಾಷೆ ಮಾತ್ರ ಹಳೆಯದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಕ್ಯಾನರ್ ಹಚ್ಚಿ ‘ಏನೂ ತೋರಿಸುತ್ತಿಲ್ಲ’ ಅಂತ ಯಾರಾದರೂ ಹೇಳಿದರೆ ಕಾರಿನಲ್ಲಿ ತೊಂದರೆ ಇಲ್ಲ ಅಂದುಕೊಳ್ಳಬೇಡಿ.

ಈ ಎಂಜಿನ್, ಬ್ರೇಕ್, ಮುಂದಿನ ಸಸ್ಪೆನ್ಷನ್ ಸಾಮಾನು ಆಗಿನ ಶೆವ್ರೊಲೆ ಕಾಪ್ರಿಸ್‌ಗೂ ಬರುತ್ತಿತ್ತು. ಅದು ಪೊಲೀಸರ ಕಾರು, ಟ್ಯಾಕ್ಸಿ. ಹಾಗಾಗಿ ಓಡುವುದಕ್ಕೆ ಬೇಕಾದ್ದೆಲ್ಲ ಇವತ್ತಿಗೂ ಸುಲಭಕ್ಕೆ ಸಿಗುತ್ತದೆ. ಸಿಗದೇ ಇರೋದು ವ್ಯಾಗನ್‌ಗೆ ಮಾತ್ರ ಸೇರಿದ್ದು. ಚಾವಣಿ ಗಾಜು, ಹಿಂದಿನ ಗಾಜು, ಆ ಬಾಗಿಲಿನ ಬೀಗ, ಮರದ ಅಂಚಿನ ಪಟ್ಟಿ. ಇವಕ್ಕೆಲ್ಲ ಗುಜರಿಯೇ ಗತಿ. ಎಂಜಿನ್ ಕೆಟ್ಟ ಒಳ್ಳೇ ಬಾಡಿಯನ್ನು ನಾನು ಧೈರ್ಯವಾಗಿ ತಗೊಳ್ಳುತ್ತೇನೆ. ಒಳ್ಳೇ ಎಂಜಿನ್ ಇರುವ ಕೊಳೆತ ಬಾಡಿಯನ್ನು ಯಾರು ಪುಕ್ಕಟೆ ಕೊಟ್ಟರೂ ಮುಟ್ಟಲ್ಲ.

ಹಾಗಾದರೆ ಆ ಉಬ್ಬಿದ ಸ್ಟಿಕ್ಕರ್. ಬಹಳ ಹಿಂದೆ ಈ ಕಾರುಗಳ ಹಿಂಭಾಗ ನಿಜವಾದ ಮರದ್ದೇ ಆಗಿತ್ತು. ರೈಲ್ವೆ ಸ್ಟೇಷನ್‌ನಿಂದ ಜನ, ಪೆಟ್ಟಿಗೆ ಸಾಗಿಸಲು ಮಾಡಿದ ಗಾಡಿ, ಅದಕ್ಕೇ ಸ್ಟೇಷನ್ ವ್ಯಾಗನ್. ಫೋರ್ಡ್ ಕಂಪನಿ ಮಿಷಿಗನ್‌ನ ಉತ್ತರದ ಐರನ್ ಮೌಂಟನ್‌ನಲ್ಲಿ ಇದಕ್ಕೆ ಸ್ವಂತ ಮರದ ಕಾರ್ಖಾನೆಯನ್ನೇ ಇಟ್ಟಿತ್ತು. ಅಲ್ಲಿ ಉಳಿದ ಮರದ ಚೂರುಗಳಿಂದ ಶುರುವಾದ ಇದ್ದಿಲು ಇವತ್ತಿಗೂ ಇಲ್ಲಿನ ಬಾರ್ಬೆಕ್ಯೂ ಒಲೆಗಳಲ್ಲಿ ಕಿಂಗ್ಸ್‌ಫರ್ಡ್ ಅನ್ನೋ ಹೆಸರಲ್ಲಿ ಉರಿಯುತ್ತಿದೆ. ಮರಕ್ಕೆ ವಾರ್ನಿಷ್, ಆರೈಕೆ, ಖರ್ಚು ಜಾಸ್ತಿ. 1940ರ ದಶಕದ ಕೊನೆಗೆ ಉಕ್ಕಿನ ಮೈ ಬರತೊಡಗಿತು, 1950ರ ದಶಕದಲ್ಲಿ ಮರ ಚಿತ್ರವಾಗಿ ಅದರ ಮೇಲೆ ಅಂಟಿಕೊಂಡಿತು. ರೋಡ್‌ಮಾಸ್ಟರ್ ಎಸ್ಟೇಟ್ ಮೇಲಿರೋದೂ ಅಂಥ ವಿನೈಲ್ ಹಾಳೆ.

ಹಾಳೆ ಉಬ್ಬೋದಕ್ಕೆ ಎರಡು ಕಾರಣ. ಬಿಸಿಲಿಗೆ ಅಂಟು ಸತ್ತು ಗಾಳಿ ಸೇರಿದರೆ ಬೆರಳಲ್ಲಿ ಒತ್ತಿದಾಗ ಮೆತ್ತಗೆ ತಗ್ಗುತ್ತದೆ, ಕೈ ತೆಗೆದರೆ ಮತ್ತೆ ಏಳುತ್ತದೆ. ಅದು ಅಂದದ ತೊಂದರೆ, ಬಿಡಿ. ಒತ್ತಿದರೆ ಒಳಗೆ ಹುರಿದ ಹಪ್ಪಳ ಮುರಿದ ಹಾಗೆ ಸಣ್ಣ ಸದ್ದು ಬಂದರೆ, ಗುಳ್ಳೆ ಗಟ್ಟಿಯಾಗಿ ಒರಟಾಗಿದ್ದರೆ, ಅದು ತುಕ್ಕು. ಹಾಳೆಯ ಸುತ್ತ ಇರುವ ಅಂಚುಪಟ್ಟಿಯ ಹಿಂದೆ ಉಪ್ಪುನೀರು ನಿಂತು ತಿಂದಿರುತ್ತದೆ. ಗುಳ್ಳೆ ಎಲ್ಲಿದೆ ಅನ್ನೋದನ್ನೂ ನೋಡಿ. ಬಾಗಿಲ ನಡುವೆ ಇದ್ದರೆ ಅಂಟು ಇರಬಹುದು. ಹಿಂದಿನ ಚಕ್ರದ ಕಮಾನು ಮೇಲೋ ಅದರ ಹಿಂದೆಯೋ ಇದ್ದರೆ ತುಕ್ಕು ಅಂತಲೇ ಹೊರಡಿ. ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಹಾಳೆ ತೆಳ್ಳಗೆ, ಅದರ ಮೂಲಕವೂ ಮ್ಯಾಗ್ನೆಟ್ ಹಿಡಿಯುತ್ತದೆ. ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ. ಹೊಸ ಹಾಳೆ ಹಾಕಿಸಬಹುದು, ಆದರೆ ಕೈಹದ ಇರುವ ಕೆಲಸಗಾರರು ಕಮ್ಮಿ, ಕೂಲಿ ಜಾಸ್ತಿ. ಕೆಳಗೆ ತುಕ್ಕಿದ್ದರೆ ಮೊದಲು ಟಿಂಕರಿಂಗ್, ಪೇಂಟ್, ಆಮೇಲೆ ಹಾಳೆ.

ಆದರೂ ಪಕ್ಕದ ತುಕ್ಕು ಕಣ್ಣಿಗೆ ಕಾಣುವಂಥದ್ದು. ಕಾರನ್ನು ಮುರಿಯೋದು ಕೆಳಗಿನದು. ಈ ಕಾರಿಗೆ ಕೆಳಗೆ ಬೇರೆಯೇ ಚಾಸಿ ಇದೆ, ಲಾರಿಗಿರುವ ಹಾಗೆ. ಬಾಡಿ ಅದರ ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತಿದೆ. ನೀವು ತೇಲಿಕೊಂಡು ಹೋಯಿತು ಅಂದಿರಲ್ಲ, ಆ ಸುಖದ ಗುಟ್ಟಿನಲ್ಲಿ ಇದೂ ಒಂದು. ಹಿಂದಿನ ಆಕ್ಸೆಲ್ ಮೇಲೆ ಚಾಸಿ ಬಿಲ್ಲಿನ ಹಾಗೆ ಬಾಗುವ ಜಾಗದಲ್ಲಿ ಮಣ್ಣು, ಉಪ್ಪು ಕೂತು ಒಳಗಿನಿಂದ ತಿನ್ನುತ್ತದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೇ ಉಕ್ಕು ಗಂಟೆಯ ಹಾಗೆ ಸದ್ದು ಕೊಡುತ್ತದೆ, ಕೊಳೆತದ್ದು ರಟ್ಟಿನ ಹಾಗೆ ಮಂಕು ಸದ್ದು. ಚಾಸಿ ಗುಂಟ ಹೋಗುವ ಬ್ರೇಕ್ ಪೈಪುಗಳೂ ಉಕ್ಕಿನವು, ನಮ್ಮ ಈ ಉಪ್ಪಿನ ರಾಜ್ಯಗಳಲ್ಲಿ ಅವು ಸುಮ್ಮನೆ ಒಂದು ದಿನ ಒಡೆಯುತ್ತವೆ. ಈ ಕಾರಲ್ಲಿ ಅವನ್ನು ಇದುವರೆಗೂ ಬದಲಿಸಿಲ್ಲ ಅಂದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೆಳಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷ ಪಡಬೇಡಿ. ನಾನು ಒಂದು ಸಲ ಹಾಗೆ ಹೊಳೆಯುವ ತಳ ನೋಡಿ ವ್ಯಾಗನ್ ಒಂದನ್ನು ತಂದೆ. ಮನೆಯಲ್ಲಿ ಜಾಕ್ ಕೊಟ್ಟು ಎತ್ತಿದಾಗ ಜಾಕ್ ಬಣ್ಣದೊಳಗೇ ಇಳಿಯಿತು. ಬಣ್ಣದ ಹಿಂದೆ ಕಬ್ಬಿಣವೇ ಇರಲಿಲ್ಲ. ಆಮೇಲೆ ತಳ ತೋರಿಸದೆ ಯಾವ ಕಾರಿಗೂ ದುಡ್ಡು ಕೊಟ್ಟಿಲ್ಲ. ನಿಮ್ಮ ಹಿರಿಯರು ಅಂಥವರಲ್ಲ ಅಂತ ರಸೀದಿಗಳೇ ಹೇಳುತ್ತಿವೆ. ಆದರೂ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಲು ಅವರ ಒಪ್ಪಿಗೆ ಕೇಳಿ. ಒಂದು ಗಂಟೆಯ ಕೂಲಿ ಆಗುತ್ತದೆ, ನೀವು ಈ ಕಾರಿಗೆ ಹಾಕುವ ದುಡ್ಡಲ್ಲೆಲ್ಲ ಅದೇ ಒಳ್ಳೇ ದುಡ್ಡು.

ತಳ ಗಟ್ಟಿ ಇದ್ದು, ತುಕ್ಕು ಪಕ್ಕದಲ್ಲಿ ಸ್ವಲ್ಪ ಮಾತ್ರ ಅಂದರೆ ನಾನು ತಗೊಳ್ಳಿ ಅಂತಲೇ ಹೇಳುತ್ತೇನೆ. ಕೇಳಿದ ಬೆಲೆಯಲ್ಲಿ ಬ್ರೇಕ್ ಪೈಪು, ವಾಟರ್ ಪಂಪ್ ಲೆಕ್ಕ ಹಿಡಿದು ಮಾತಾಡಿ. ಚಾಸಿಯಲ್ಲಿ ತೂತಿದ್ದರೆ ಎಷ್ಟೇ ಮನಸ್ಸಾದರೂ ನಮಸ್ಕಾರ ಹೇಳಿ ಬನ್ನಿ. ಟೆಕ್ಸಸ್, ಆರಿಜೋನಾ ಕಡೆ ಇದೇ ಕಾರು ಹುಡುಕಬಹುದು. ಅಲ್ಲಿ ಬಿಸಿಲಿಗೆ ಹಾಳೆ ಸುಟ್ಟಿರುತ್ತದೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಚಾಸಿ ಮಾತ್ರ ಹೊಸದರ ಹಾಗಿರುತ್ತದೆ. ಸಾಗಿಸುವ ಖರ್ಚು ಕೊಟ್ಟರೂ ಅದು ಲಾಭ.

ದೊಡ್ಡಪ್ಪನದರ ಥರದ್ದು ಬೇಕು ಅನ್ನೋದಕ್ಕೆ ಬರೋಣ. ನನಗೂ ಆ ಕ್ಲ್ಯಾಮ್‌ಶೆಲ್ ಅಂದರೆ ಪ್ರಾಣ. ಆ ಗಾಜು ಸದ್ದಿಲ್ಲದೆ ಚಾವಣಿಯೊಳಗೆ ಏರುವುದನ್ನು ನೋಡುವುದೇ ಒಂದು ಖುಷಿ. ಅಲ್ಲಿ ಮೂರನೇ ಸೀಟು ಕೂಡ ಮುಂದಕ್ಕೇ ಮುಖ ಮಾಡಿರುತ್ತದೆ. ಆದರೆ ಅದು ಮೊದಲನೇ ಹಳೇ ಕಾರಾಗಿ ತಗೊಳ್ಳುವ ಕಾರಲ್ಲ. ಬಾಗಿಲು ಜಾರುವ ಹಳಿಗಳಲ್ಲಿ ಕಸ, ನೀರು ಸೇರಿ ತುಕ್ಕು ಹಿಡಿಯುತ್ತದೆ. ಬಾಗಿಲು ಅರ್ಧಕ್ಕೆ ನಿಂತರೆ ಬಿಚ್ಚಿ ಸರಿ ಮಾಡುವವರು ಬೆರಳೆಣಿಕೆ. ತೂಕ 5,000 ಪೌಂಡ್ ದಾಟುತ್ತದೆ. ಗ್ಯಾಲನ್‌ಗೆ 10 ಮೈಲಿ ಕೊಟ್ಟರೆ ಪುಣ್ಯ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹಿಂದಿನ ಸೀಟುಗಳಲ್ಲಿ ಸೊಂಟದ ಬೆಲ್ಟ್ ಮಾತ್ರ, ಅದರಲ್ಲಿ ಬೂಸ್ಟರ್ ಬಳಸೋಕೆ ಆಗಲ್ಲ. ಮಕ್ಕಳು ದೊಡ್ಡವರಾಗಲಿ, ನಿಮ್ಮ ಕೈಯೂ ಪಳಗಲಿ. ಆಮೇಲೆ ಹುಡುಕಿ.

ದಿನಾ ಆಫೀಸಿಗೆ? ಓಡಿಸಬಹುದು, ಆದರೆ ಬೇಡ ಅಂತೀನಿ. ಪೆಟ್ರೋಲ್ ಭಯ ಇಟ್ಟುಕೊಂಡು ಹೇಳುತ್ತಿಲ್ಲ. ಊರೊಳಗೆ ಗ್ಯಾಲನ್‌ಗೆ 15ರಿಂದ 17 ಮೈಲಿ, ಹೆದ್ದಾರಿಯಲ್ಲಿ 23ರಿಂದ 25 ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಆರೇಳು ಮತ್ತು ಹತ್ತು ಕಿಲೋಮೀಟರ್. ವರ್ಷಕ್ಕೆ 5,000 ಮೈಲಿ ಊರೊಳಗೇ ಓಡಿಸಿದರೂ ಸುಮಾರು 300 ಗ್ಯಾಲನ್. ಅದು ಹೊಸ ಕಾರಿನ ಸಾಲದ ಕಂತಿನ ಮುಂದೆ ದೊಡ್ಡದಲ್ಲ. ನನ್ನ ಚಿಂತೆ ಚಳಿಗಾಲದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಉಪ್ಪಿನಲ್ಲಿ ಓಡಿಸಿದರೆ ಆ ಹಿರಿಯರು ಇಷ್ಟು ವರ್ಷ ಕಾಪಾಡಿದ್ದನ್ನು ನೀವು ನಾಲ್ಕೈದು ವರ್ಷದಲ್ಲಿ ಕಳೆಯುತ್ತೀರಿ. ಎರಡನೇ ಕಾರಾಗಿ ಇಟ್ಟು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡಿಸಿ.

ವಿಮೆಗೂ ಇದೇ ಅನುಕೂಲ. ಮಾಮೂಲಿ ಪಾಲಿಸಿಯಲ್ಲಿ ಸಣ್ಣ ಗುದ್ದಾದರೂ ‘ಹಳೇ ಕಾರು, ರಿಪೇರಿಗಿಂತ ಬೆಲೆ ಕಮ್ಮಿ’ ಅಂತ ಕೈತೊಳೆದುಕೊಳ್ಳುತ್ತಾರೆ. ಸಂಗ್ರಹದ ಕಾರುಗಳಿಗೇ ಇರುವ ಪಾಲಿಸಿಯಲ್ಲಿ ಬೆಲೆ ಮೊದಲೇ ಮಾತಾಡಿ ಬರೆದಿರುತ್ತಾರೆ. ಅದರ ಷರತ್ತು: ಮುಚ್ಚಿದ ಗ್ಯಾರೇಜ್ ಬೇಕು, ದಿನದ ಓಡಾಟಕ್ಕೆ ಬೇರೆ ಕಾರು ಇರಬೇಕು. ಒಹಾಯೋದಲ್ಲಿ 25 ವರ್ಷ ದಾಟಿದ ಕಾರಿಗೆ ಐತಿಹಾಸಿಕ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಅದು ಮೆರವಣಿಗೆ, ಪ್ರದರ್ಶನ, ಕ್ಲಬ್ ಓಡಾಟಕ್ಕೆ ಮಾತ್ರ. ಪಿಟ್ಸ್‌ಬರ್ಗ್‌ಗೋ ತರಕಾರಿ ತರೋಕೋ ಹೋಗುವ ಮನಸ್ಸಿದ್ದರೆ ಮಾಮೂಲಿ ಪ್ಲೇಟ್ ಇಟ್ಟುಕೊಳ್ಳಿ. ಹಾಂ, ಗ್ಯಾರೇಜ್ ಅಳೆಯಿರಿ. ಈ ಕಾರು 217.5 ಇಂಚು, ಅಂದರೆ ಐದೂವರೆ ಮೀಟರ್. ಊರಲ್ಲಿರೋ ಇನ್ನೋವಾ ಕ್ರಿಸ್ಟಾಗಿಂತ ಮುಕ್ಕಾಲು ಮೀಟರಿಗೂ ಜಾಸ್ತಿ ಉದ್ದ. ಮುಂದೆ ಎಂದಾದರೂ ತುಮಕೂರಿಗೆ ಒಯ್ಯುವ ಯೋಚನೆ ಇದ್ದರೆ ಅದನ್ನು ಬಿಟ್ಟುಬಿಡಿ. ಮೂರು ವರ್ಷಕ್ಕಿಂತ ಹಳೆಯ, ಎಡಗಡೆ ಸ್ಟಿಯರಿಂಗ್ ಇರುವ ಇಂಥ ಕಾರನ್ನು ಭಾರತದ ನಿಯಮ ಒಳಗೆ ಬಿಡುವುದಿಲ್ಲ.

ಈ ಕಾರುಗಳು ಯಾಕೆ ನಿಂತವು ಅಂತ ಜನ ಕೇಳುತ್ತಾರೆ. ಬರೀ ಪೆಟ್ರೋಲ್ ಅಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಬಂದ ಮೈಲೇಜ್ ಕಾನೂನು ಕಾರುಗಳಿಗೆ ಬಿಗಿಯಾಗಿತ್ತು, ಟ್ರಕ್ ಅಂತ ಲೆಕ್ಕಕ್ಕೆ ಬರುವ ಗಾಡಿಗಳಿಗೆ ಸಡಿಲ. 1984ರ ಮಾಡೆಲ್ ಆಗಿ ಕ್ರೈಸ್ಲರ್ ಮಿನಿವ್ಯಾನ್ ಬಂತು, ಆಮೇಲೆ ಎಸ್‌ಯುವಿ. ಮಕ್ಕಳಿರುವ ಮನೆಗಳು ಅತ್ತ ಹೋದವು. 1996ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ ಈ ಸಾಲು ಮುಗಿಯಿತು, ಅದೇ ಕಾರ್ಖಾನೆ ದೊಡ್ಡ ಟ್ರಕ್, ಎಸ್‌ಯುವಿ ಮಾಡಲು ತಿರುಗಿತು. ನಿಮ್ಮ ಬೀದಿಯಲ್ಲಿ ನಿಂತಿರೋದು ಆ ದೊಡ್ಡ ವ್ಯಾಗನ್‌ಗಳ ಕೊನೇ ಪೀಳಿಗೆ. ಅದನ್ನು ಒಬ್ಬರು ಇಷ್ಟು ವರ್ಷ ರಸೀದಿ ಸಮೇತ ಕಾಪಾಡಿದ್ದಾರೆ ಅಂದರೆ ನನಗೆ ಅವರ ಮೇಲೆ ತುಂಬ ಗೌರವ.

ಹೋಗುವುದಾದರೆ ಜೋರು ಮಳೆ ಬಂದ ಮರುದಿನ ಹೋಗಿ. ಹೆಂಡತಿಯನ್ನೂ ಕರಕೊಂಡು ಹೋಗಿ, ಓಡಿಸಲು ಅವರಿಗೂ ಕೊಡಿ. ಹಿಂದೆ ಪಕ್ಕದ ಗೂಡಿನಲ್ಲಿ ಸ್ಟೆಪ್ನಿ ಇರುತ್ತದೆ. ಮುಚ್ಚಳ ತೆಗೆದು ತಳಕ್ಕೆ ಕೈ ಹಾಕಿ ನೋಡಿ. ಹಿಂದಿನ ಸೀಟು ಮಡಚಿ ಅದರ ಕೆಳಗಿನ ಕಾರ್ಪೆಟ್ ಅಂಗೈಯಲ್ಲಿ ಒತ್ತಿ. ಒಣಗಿದ್ದರೆ ಲಿಫ್ಟ್‌ಗೆ ಒಯ್ಯುವ ಮಾತಾಡಿ. ಒದ್ದೆ ಇದ್ದರೆ ದುಡ್ಡಿನ ಮಾತು ಅಲ್ಲೇ ನಿಲ್ಲಿಸಿ, ನೀರು ಎಲ್ಲಿಂದ ಇಳಿದಿದೆ ಅಂತ ಫೋಟೋ ತೆಗೆದು ನನಗೆ ಕಳಿಸಿ. ಜೊತೆಗೆ ದೊಡ್ಡಪ್ಪನ ಆ ಫೋಟೋದ್ದೂ ಒಂದು ಪ್ರತಿ ಕಳಿಸಿ. ಹಿಂದಿನ ದೀಪದ ಆಕಾರ ಕಂಡರೆ ಆ ನಾಲ್ಕರಲ್ಲಿ ಯಾವುದು ಅಂತ ಹೇಳಿಬಿಡುತ್ತೇನೆ.